ರೆಕ್ಕೆಗೆ ಅಂಟಿದ ಗಾಳಿಯ ಗುಟ್ಟು ಬಿಡಿಸಿದ ಲುಡ್ವಿಗ್ ಪ್ರಾಂಟ್ಲ್

ಜರ್ಮನಿಯ ಹೈಡೆಲ್‌ಬರ್ಗ್ ನಗರದಲ್ಲಿ 1904ರ ಆಗಸ್ಟ್ ತಿಂಗಳಲ್ಲಿ ಮೂರನೆಯ ಅಂತಾರಾಷ್ಟ್ರೀಯ ಗಣಿತಜ್ಞರ ಸಮ್ಮೇಳನ ಜರುಗಿತು. ಯೂರೋಪಿನ ಘಟಾನುಘಟಿ ಗಣಿತಜ್ಞರು ನೆರೆದಿದ್ದ ಆ ಸಭೆಯಲ್ಲಿ ಆಗಸ್ಟ್ 12ರಂದು 29 ವರ್ಷದ ಎಂಜಿನಿಯರಿಂಗ್ ಪ್ರಾಧ್ಯಾಪಕರೊಬ್ಬರು ಪ್ರಬಂಧ ಮಂಡಿಸಿದರು. ಅವರಿಗೆ ದೊರೆತಿದ್ದ ಅವಧಿ ಕೇವಲ ಹತ್ತು ನಿಮಿಷ. ವಿಷಯ, ಅತ್ಯಲ್ಪ ಘರ್ಷಣೆಯುಳ್ಳ ದ್ರವಗಳ ಚಲನೆ. ಮರುವರ್ಷ ಮುದ್ರಣಗೊಂಡಾಗ ಆ ಪ್ರಬಂಧ ಎಂಟು ಪುಟಗಳನ್ನು ಮೀರಲಿಲ್ಲ. ರೈಟ್ ಸೋದರರು ಅಮೆರಿಕದ ಕಿಟ್ಟಿಹಾಕ್ ಬಳಿಯ ಮರಳದಿಬ್ಬದಲ್ಲಿ ಹಾರಿ ಆಗಿನ್ನೂ ಎಂಟು ತಿಂಗಳಾಗಿತ್ತು. ವಿಮಾನವು ಗಾಳಿಯಲ್ಲಿ ಏಕೆ ನಿಲ್ಲುತ್ತದೆ, ಕೆಲವೊಮ್ಮೆ ಹಠಾತ್ತನೆ ಏಕೆ ಕೆಳಗಿಳಿಯುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರದ ಬೀಜ ಆ ಎಂಟು ಪುಟಗಳಲ್ಲಿ ಅಡಗಿದೆಯೆಂದು ಸಭಿಕರಲ್ಲಿ ಬಹುಮಂದಿಗೆ ಹೊಳೆಯಲಿಲ್ಲ.

ಪ್ರಬಂಧ ಮಂಡಿಸಿದವರು ಲುಡ್ವಿಗ್ ಪ್ರಾಂಟ್ಲ್. ಆಧುನಿಕ ವಾಯುಬಲವಿಜ್ಞಾನದ ಪಿತಾಮಹರೆಂದು ಇಂದು ಜಗತ್ತು ಅವರನ್ನು ಗುರುತಿಸುತ್ತದೆ. ನೊಬೆಲ್ ಪ್ರಶಸ್ತಿ ಅವರಿಗೆ ಬರಲಿಲ್ಲ. ಐನ್‌ಸ್ಟೈನ್, ಪ್ಲಾಂಕ್, ಹೈಸನ್‌ಬರ್ಗ್ ಮುಂತಾದ ಸಮಕಾಲೀನರ ಹೆಸರು ಶಾಲಾ ಮಕ್ಕಳ ಬಾಯಲ್ಲೂ ಇದೆ. ಪ್ರಾಂಟ್ಲ್ ಹೆಸರು ಎಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತಿದವರಿಗಷ್ಟೇ ಗೊತ್ತು. ಆದರೆ ವಿಮಾನದ ಕಿಟಕಿಯ ಪಕ್ಕ ಕುಳಿತು ರೆಕ್ಕೆಯನ್ನು ನೋಡುವ ಪ್ರತಿಯೊಬ್ಬ ಪ್ರಯಾಣಿಕನೂ ಅವರ ಚಿಂತನೆಯ ಫಲವನ್ನೇ ನೋಡುತ್ತಿರುತ್ತಾನೆ.

ಮರದ ಹೊಟ್ಟಿನಿಂದ ಆರಂಭ

ಪ್ರಾಂಟ್ಲ್ ಜನಿಸಿದ್ದು 1875ರ ಫೆಬ್ರುವರಿ 4ರಂದು, ಬವೇರಿಯಾ ಪ್ರಾಂತ್ಯದ ಫ್ರೈಸಿಂಗ್ ಎಂಬ ಸಣ್ಣ ಪಟ್ಟಣದಲ್ಲಿ. ತಂದೆ ಅಲೆಕ್ಸಾಂಡರ್ ಸಮೀಪದ ಕೃಷಿ ಕಾಲೇಜಿನಲ್ಲಿ ಪ್ರಾಧ್ಯಾಪಕರು. ತಾಯಿ ದೀರ್ಘಕಾಲ ಅಸ್ವಸ್ಥರಾಗಿದ್ದುದರಿಂದ ಹುಡುಗ ಬೆಳೆದದ್ದು ಹೆಚ್ಚಾಗಿ ತಂದೆಯ ನೆರಳಿನಲ್ಲಿ. ಪ್ರಕೃತಿಯ ಯಾವುದೇ ವ್ಯಾಪಾರವನ್ನು ಕಂಡರೂ ನಿಂತು ನೋಡುವ, ನೋಡಿದ್ದನ್ನು ಮನಸ್ಸಿನಲ್ಲಿ ತಿರುವಿ ಹಾಕುವ ಅಭ್ಯಾಸ ತಂದೆಯಿಂದ ಬಂದದ್ದು. ಮ್ಯೂನಿಕ್‌ನಲ್ಲಿ ಎಂಜಿನಿಯರಿಂಗ್ ಓದಿ, ಯಂತ್ರಬಲವಿಜ್ಞಾನದ ಹೆಸರಾಂತ ಗುರು ಆಗಸ್ಟ್ ಫೋಪಲ್ ಅವರ ಶಿಷ್ಯರಾದರು. 1900ರಲ್ಲಿ ಡಾಕ್ಟರೇಟ್ ಪಡೆದದ್ದು ತೊಲೆಗಳು ಬಾಗಿ ಮಗ್ಗುಲಿಗೆ ಹೊರಳುವ ಬಗೆಯ ಕುರಿತು. ಗಾಳಿಗೂ ನೀರಿಗೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ.

ಗಾಳಿಯ ನಂಟು ಬೆಳೆದದ್ದು ಕಾರ್ಖಾನೆಯಲ್ಲಿ. ವ್ಯಾಸಂಗ ಮುಗಿಸಿ ನ್ಯೂರೆಂಬರ್ಗ್‌ನ ಯಂತ್ರ ಕಾರ್ಖಾನೆಯೊಂದಕ್ಕೆ ಎಂಜಿನಿಯರಾಗಿ ಸೇರಿದ ಪ್ರಾಂಟ್ಲ್ ಅವರಿಗೆ ಒಪ್ಪಿಸಲಾದ ಕೆಲಸ ಬಲು ಸಾಧಾರಣವಾದುದು: ಮರಗೆಲಸದ ಯಂತ್ರಗಳಿಂದ ಉದುರುವ ಹೊಟ್ಟನ್ನು ಹೀರಿ ಸಾಗಿಸುವ ಕೊಳವೆ ವ್ಯವಸ್ಥೆಯನ್ನು ಸುಧಾರಿಸುವುದು. ಕೊಳವೆ ನಿಧಾನವಾಗಿ ಅಗಲವಾಗುತ್ತ ಹೋದಂತೆ ಗಾಳಿಯ ವೇಗ ತಗ್ಗಿ ಒತ್ತಡ ಏರಬೇಕೆಂದು ಪುಸ್ತಕಗಳು ಹೇಳುತ್ತಿದ್ದವು. ಕಾರ್ಖಾನೆಯಲ್ಲಿ ಒತ್ತಡ ಏರಲಿಲ್ಲ. ಗಾಳಿ ಕೊಳವೆಯ ಗೋಡೆಯನ್ನು ಅನುಸರಿಸುವ ಬದಲು ನಡುವೆಯೇ ಗೋಡೆಯನ್ನು ಬಿಟ್ಟು ದೂರ ಸರಿಯುತ್ತಿತ್ತು. ಯುವ ಎಂಜಿನಿಯರ್ ವ್ಯವಸ್ಥೆಯನ್ನು ಹೇಗೋ ಸರಿಪಡಿಸಿದರು. ಆದರೆ ಗಾಳಿ ಗೋಡೆಯನ್ನು ಏಕೆ ಬಿಟ್ಟಿತು ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. 1901ರಲ್ಲಿ ಹ್ಯಾನೋವರ್‌ನ ತಾಂತ್ರಿಕ ವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ ಹೋದಾಗ ಆ ಪ್ರಶ್ನೆಯನ್ನೂ ಜತೆಗೆ ಒಯ್ದರು.

ಅಲ್ಲಿ ಕೈಯಿಂದ ತಿರುಗಿಸುವ ಚಕ್ರವುಳ್ಳ ನೀರಿನ ತೊಟ್ಟಿಯೊಂದನ್ನು ಕಟ್ಟಿಸಿದರು. ನೀರಿನಲ್ಲಿ ಹೊಳೆಯುವ ಖನಿಜದ ಸಣ್ಣ ಕಣಗಳನ್ನು ಬೆರೆಸಿದರೆ ಹರಿವಿನ ಪ್ರತಿ ತಿರುವೂ ಕಣ್ಣಿಗೆ ಕಾಣುತ್ತಿತ್ತು. ಹೈಡೆಲ್‌ಬರ್ಗ್‌ನಲ್ಲಿ ತೋರಿಸಿದ ಛಾಯಾಚಿತ್ರಗಳು ಆ ತೊಟ್ಟಿಯವೇ.

ಆಗಿನ ವಿಜ್ಞಾನದ ಮುಂದಿದ್ದ ತೊಡಕೇನೆಂಬುದನ್ನು ಇಲ್ಲಿ ತಿಳಿಯುವುದು ಅವಶ್ಯ. ಫ್ರಾನ್ಸಿನ ದಲಾಂಬೇರ್ 1752ರಷ್ಟು ಹಿಂದೆಯೇ ಒಂದು ವಿಚಿತ್ರ ಫಲಿತಾಂಶವನ್ನು ಮುಂದಿಟ್ಟಿದ್ದರು. ಘರ್ಷಣೆಯಿಲ್ಲದ ದ್ರವದಲ್ಲಿ ಸಮವೇಗದಿಂದ ಚಲಿಸುವ ವಸ್ತುವಿಗೆ ಯಾವ ತಡೆಯೂ ಇರುವುದಿಲ್ಲವೆಂದು ಗಣಿತ ಹೇಳುತ್ತಿತ್ತು. ಹೊಳೆಯಲ್ಲಿ ಎದುರು ಈಜಿದವನಿಗೂ ಇದು ಸುಳ್ಳೆಂದು ಗೊತ್ತು. ಗಾಳಿ ಮತ್ತು ನೀರಿನ ಸ್ನಿಗ್ಧತೆ, ಅಂದರೆ ಒಳಗಿನ ಅಂಟುತನ, ತೀರ ಅಲ್ಪವಾದುದರಿಂದ ಅದನ್ನು ಕೈಬಿಡಬಹುದೆಂದು ಗಣಿತಜ್ಞರು ಭಾವಿಸಿದ್ದರು. ಕೈಬಿಡದಿದ್ದರೆ ಸಮೀಕರಣಗಳು ಬಿಡಿಸಲಾಗದಷ್ಟು ಜಟಿಲವಾಗುತ್ತಿದ್ದವು. ಹೀಗಾಗಿ ಎಂಜಿನಿಯರುಗಳು ಗಣಿತವನ್ನು ನಂಬುವುದನ್ನೇ ಬಿಟ್ಟು ಅಳತೆ ಮತ್ತು ಅನುಭವದ ದಾರಿ ಹಿಡಿದಿದ್ದರು. ಒಂದೇ ನೀರಿನ ಬಗ್ಗೆ ಎರಡು ಬೇರೆ ಬೇರೆ ವಿಜ್ಞಾನಗಳು ಬೆಳೆದಿದ್ದವು.

ಪ್ರಾಂಟ್ಲ್ ಕಂಡ ದಾರಿ ಸರಳವಾದುದು. ದ್ರವ ಎಷ್ಟೇ ತೆಳುವಾಗಿರಲಿ, ಘನವಸ್ತುವಿನ ಮೈಯನ್ನು ಮುಟ್ಟಿದ ಕಡೆ ಅದು ಅಂಟಿಕೊಂಡು ನಿಲ್ಲುತ್ತದೆ. ಅಲ್ಲಿಂದ ಸ್ವಲ್ಪವೇ ಮೇಲೆ, ಅತಿ ತೆಳುವಾದ ಒಂದು ಪದರದೊಳಗೆ, ಅದರ ವೇಗ ಸೊನ್ನೆಯಿಂದ ಪೂರ್ಣ ವೇಗಕ್ಕೆ ಏರುತ್ತದೆ. ಘರ್ಷಣೆಯ ಲೆಕ್ಕವೆಲ್ಲ ಈ ಪದರದೊಳಗೆ ಮಾತ್ರ. ಹೊರಗಿನದಕ್ಕೆ ಹಳೆಯ ಘರ್ಷಣೆರಹಿತ ಗಣಿತವೇ ಸಾಕು. ಈ ಪದರಕ್ಕೆ ಇಂದು ಬೌಂಡರಿ ಲೇಯರ್ ಅಥವಾ ಗಡಿ ಪದರ ಎಂದು ಹೆಸರು. ದಿನವಿಡೀ ತಿರುಗುವ ಸೀಲಿಂಗ್ ಫ್ಯಾನಿನ ಅಲಗುಗಳ ಮೇಲೆ ಧೂಳು ಹಾಗೆಯೇ ಕುಳಿತಿರುವುದನ್ನು ಗೃಹಿಣಿಯರೆಲ್ಲ ಬಲ್ಲರು. ಅಲಗಿನ ಮೈಯನ್ನು ಮುಟ್ಟಿದ ಗಾಳಿ ಅಲಗಿನ ಜತೆಯೇ ತಿರುಗುವುದರಿಂದ ಧೂಳನ್ನು ಹಾರಿಸುವ ಬೀಸು ಅಲ್ಲಿರುವುದಿಲ್ಲ. ಅದೇ ಗಡಿ ಪದರದ ಕೆಲಸ.

ವಿಮಾನದ ರೆಕ್ಕೆಯ ಮೇಲೆ ಈ ಪದರ ಕೆಲವು ಮಿಲಿಮೀಟರುಗಳಿಂದ ಕೆಲವು ಸೆಂಟಿಮೀಟರುಗಳಷ್ಟು ದಪ್ಪವಿರುತ್ತದೆ, ಅಷ್ಟೇ. ಆದರೆ ವಿಮಾನದ ಹಣೆಬರಹ ಬರೆಯುವುದು ಅದೇ. ರೆಕ್ಕೆಯ ಮೂಗನ್ನು ಅತಿಯಾಗಿ ಮೇಲೆತ್ತಿದಾಗ ಪದರದೊಳಗಿನ ನಿಧಾನಗತಿಯ ಗಾಳಿ ಏರುತ್ತಿರುವ ಒತ್ತಡವನ್ನು ಎದುರಿಸಲಾರದೆ ನಿಲ್ಲುತ್ತದೆ, ಹಿಂದಕ್ಕೆ ತಿರುಗುತ್ತದೆ, ಕೊನೆಗೆ ರೆಕ್ಕೆಯನ್ನು ತೊರೆದು ಸುಳಿಗಳಾಗಿ ಒಡೆಯುತ್ತದೆ. ರೆಕ್ಕೆಯ ಎತ್ತುಬಲ ಕುಸಿಯುತ್ತದೆ. ಪೈಲಟ್‌ಗಳು ಸ್ಟಾಲ್ ಎಂದು ಕರೆಯುವ, ಅನೇಕ ಅಪಘಾತಗಳಿಗೆ ಕಾರಣವಾದ ಸ್ಥಿತಿ ಇದೇ. ಹೊಟ್ಟು ಹೀರುವ ಕೊಳವೆಯಲ್ಲಿ ಗಾಳಿ ಗೋಡೆಯನ್ನು ಬಿಟ್ಟದ್ದೂ ಇದೇ ಕಾರಣದಿಂದ. ಅದೇ 1904ರ ಪ್ರಬಂಧದಲ್ಲಿ ಪ್ರಾಂಟ್ಲ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸಿಲಿಂಡರೊಂದರ ಒಂದು ಮಗ್ಗುಲಿನ ಸೀಳಿನ ಮೂಲಕ ಈ ಪದರವನ್ನು ಹೀರಿಬಿಟ್ಟರೆ ಆ ಮಗ್ಗುಲಿನಲ್ಲಿ ಹರಿವು ಬೇರ್ಪಡುವುದಿಲ್ಲವೆಂದು ತೋರಿಸಿದ್ದರು.

ಗಾಟಿಂಗೆನ್ ಎಂಬ ಗುರುಕುಲ

ಗಾಟಿಂಗೆನ್ ವಿಶ್ವವಿದ್ಯಾಲಯದ ಗಣಿತಜ್ಞ ಫೆಲಿಕ್ಸ್ ಕ್ಲೈನ್ ಆ ವೇಳೆಗಾಗಲೇ ಈ ಯುವಕನ ಮೇಲೆ ಕಣ್ಣಿಟ್ಟಿದ್ದರು. ಗಣಿತವನ್ನೂ ಕೈಗಾರಿಕೆಯನ್ನೂ ಹತ್ತಿರ ತರಬೇಕೆಂಬುದು ಕ್ಲೈನ್ ಅವರ ಹಂಬಲ. 1904ರ ಶರತ್ಕಾಲದಲ್ಲಿ ಗಾಟಿಂಗೆನ್‌ಗೆ ಬಂದ ಪ್ರಾಂಟ್ಲ್ ಸಾಯುವವರೆಗೂ ಆ ಊರನ್ನು ಬಿಡಲಿಲ್ಲ. ಆಕಾಶನೌಕೆಗಳ ಮಾದರಿಗಳನ್ನು ಪರೀಕ್ಷಿಸಲು 1908ರ ಹೊತ್ತಿಗೆ ಅಲ್ಲಿ ಎರಡು ಮೀಟರ್ ಚೌಕದ ವಿಂಡ್ ಟನೆಲ್ ಸಿದ್ಧವಾಯಿತು. ಒಮ್ಮೆ ಬೀಸಿದ ಗಾಳಿಯನ್ನೇ ಸುತ್ತು ಹಾಯಿಸಿ ಮತ್ತೆ ಬಳಸುವ ಅದರ ವಿನ್ಯಾಸವನ್ನು ಮುಂದೆ ಜಗತ್ತಿನಾದ್ಯಂತ ಅನುಸರಿಸಲಾಯಿತು.

ಬೋಧಕರಾಗಿ ಪ್ರಾಂಟ್ಲ್ ಯಶಸ್ವಿಯೇನಲ್ಲ. ಒಂದು ವಾಕ್ಯ ಹೇಳಿ ಅದಕ್ಕೆ ತಿದ್ದುಪಡಿ, ತಿದ್ದುಪಡಿಗೆ ಮತ್ತೊಂದು ತಿದ್ದುಪಡಿ ಹೇಳುತ್ತ ಹೋಗುವುದರಿಂದ ವಿದ್ಯಾರ್ಥಿಗಳು ದಾರಿ ತಪ್ಪುತ್ತಿದ್ದರು. ಲೌಕಿಕದಲ್ಲಿ ಮಗುವಿನಂಥ ಮುಗ್ಧತೆ. ಆಟಿಕೆಯೊಂದು ಕೈಗೆ ಸಿಕ್ಕರೆ ಅದು ಹೇಗೆ ಕೆಲಸ ಮಾಡುತ್ತದೆಂದು ಪತ್ತೆಯಾಗುವವರೆಗೂ ಕೆಳಗಿಡುತ್ತಿರಲಿಲ್ಲ. ತಮ್ಮ ಗುರು ಫೋಪಲ್ ಅವರ ಮಗಳನ್ನು ವರಿಸಲು ನಿರ್ಧರಿಸಿ ಪತ್ರ ಬರೆದಾಗ, ಇಬ್ಬರು ಹೆಣ್ಣುಮಕ್ಕಳಲ್ಲಿ ಯಾರನ್ನು ಎಂದು ತಿಳಿಸುವುದನ್ನೇ ಮರೆತರೆಂಬ ಕಥೆಯನ್ನು ಅವರ ಶಿಷ್ಯ ಥಿಯೋಡರ್ ವಾನ್ ಕಾರ್ಮನ್ ರಸವತ್ತಾಗಿ ಹೇಳಿದ್ದಾರೆ. ಕಾರ್ಮನ್ ಕಥೆಗಾರರೂ ಹೌದಾದ್ದರಿಂದ ಅದರಲ್ಲಿ ಎಷ್ಟು ಉಪ್ಪುಖಾರ ಸೇರಿದೆಯೋ ಹೇಳುವುದು ಕಷ್ಟ. 1909ರಲ್ಲಿ ಹಿರಿಯ ಮಗಳು ಗೆರ್ಟ್ರೂಡ್ ಅವರೊಂದಿಗೆ ವಿವಾಹ ನೆರವೇರಿದ್ದಂತೂ ನಿಜ.

ಇದೇ ಕಾರ್ಮನ್ ಮುಂದೆ ಗುರುವಿಗೆ ಪ್ರತಿಸ್ಪರ್ಧಿಯಾಗಿ ಬೆಳೆದರು. ಪ್ರಾಂಟ್ಲ್ ತಮ್ಮ ವಿದ್ಯಾರ್ಥಿ ಹೀಮೆಂಟ್ಸ್‌ಗೆ ನೀರಿನ ಕಾಲುವೆಯಲ್ಲಿ ಸಿಲಿಂಡರನ್ನು ಇಟ್ಟು ಅದರ ಸುತ್ತಲಿನ ಹರಿವನ್ನು ಅಳೆಯಲು ಹೇಳಿದ್ದರು. ಹರಿವು ಸ್ಥಿರವಾಗಿ ನಿಲ್ಲದೆ ಎಡಬಲಕ್ಕೆ ಓಲಾಡುತ್ತಿತ್ತು. ಸಿಲಿಂಡರ್ ಸರಿಯಾಗಿ ದುಂಡಗಿಲ್ಲವೆಂದು ಗುರು ಹೇಳಿದರು. ಅದನ್ನು ಉಜ್ಜಿ ನಯಗೊಳಿಸಿದರೂ ಓಲಾಟ ನಿಲ್ಲಲಿಲ್ಲ. ಪ್ರತಿದಿನ ಬೆಳಗ್ಗೆ ಹೀಮೆಂಟ್ಸ್ ಅವರ ಪೆಚ್ಚುಮೋರೆ ನೋಡುತ್ತಿದ್ದ ಕಾರ್ಮನ್‌ಗೆ, ಓಲಾಟವೇ ಹರಿವಿನ ಸಹಜ ಗುಣವಿರಬಹುದೆಂದು ಅನ್ನಿಸಿತು. ಒಂದು ವಾರಾಂತ್ಯ ಕುಳಿತು ಲೆಕ್ಕ ಹಾಕಿದರು. ಎರಡೂ ಕಡೆಯಿಂದ ಸರದಿಯಂತೆ ಕಳಚಿಕೊಳ್ಳುವ ಸುಳಿಗಳ ಆ ಸಾಲಿಗೆ ಇಂದು ಕಾರ್ಮನ್ ಅವರ ಹೆಸರೇ ಇದೆ. ಗುರುವಿನ ಕೈಗೆ ಬಂದ ತುತ್ತು ಹೀಗೆ ಜಾರಿತು.

ಕ್ಷೋಭೆಯೂ ರಕ್ಷಿಸುತ್ತದೆ

ವಿಮಾನಯಾನಿಗಳಿಗೆ ಟರ್ಬ್ಯುಲೆನ್ಸ್ ಎಂದರೆ ಸೀಟ್ ಬೆಲ್ಟ್ ಬಿಗಿದುಕೊಳ್ಳುವಂತೆ ಸೂಚನೆ ಬರುವ, ಕಾಫಿ ಲೋಟ ಅಲುಗುವ ಕ್ಷಣ. ಅದು ಆಕಾಶದ ದೊಡ್ಡ ಸುಳಿಗಳ ಕೆಲಸ. ಅದೇ ಪ್ರಕ್ಷುಬ್ಧತೆ ರೆಕ್ಕೆಯ ಮೈಗೆ ಅಂಟಿದ ತೆಳುಪದರದಲ್ಲೂ ಸದಾ ನಡೆದಿರುತ್ತದೆ. ಅಲ್ಲಿ ಅದು ಶತ್ರುವೂ ಹೌದು, ಮಿತ್ರನೂ ಹೌದು. ಇದನ್ನು ಮೊದಲು ಸ್ಪಷ್ಟಪಡಿಸಿದ ಪ್ರಯೋಗ 1914ರದು. ಅದರ ಹಿಂದೆ ಒಂದು ಜಗಳವೇ ಇದೆ.

ಪ್ಯಾರಿಸ್ಸಿನ ಗೋಪುರ ಕಟ್ಟಿದ ಗುಸ್ತಾವ್ ಐಫೆಲ್ ವೃದ್ಧಾಪ್ಯದಲ್ಲಿ ವಾಯುಬಲವಿಜ್ಞಾನಕ್ಕೆ ಮನಸ್ಸು ಕೊಟ್ಟಿದ್ದರು. ತಮ್ಮ ವಿಂಡ್ ಟನೆಲ್‌ನಲ್ಲಿ ಚೆಂಡಿನ ಮೇಲೆ ಗಾಳಿಯ ತಡೆಯನ್ನು ಅಳೆದಾಗ ಅವರಿಗೆ ಸಿಕ್ಕ ಅಂಕಿ ಗಾಟಿಂಗೆನ್‌ನ ಅಂಕಿಯ ಅರ್ಧಕ್ಕಿಂತ ಕಡಿಮೆ. ಫ್ರೆಂಚ್ ಮುದುಕರು ಲೆಕ್ಕದಲ್ಲಿ ಎರಡರಿಂದ ಗುಣಿಸುವುದನ್ನು ಮರೆತಿರಬೇಕೆಂದು ಗಾಟಿಂಗೆನ್‌ನವರು ಸೂಚಿಸಿದರು. ಐಫೆಲ್ ಸಿಟ್ಟಾದರು. ಬೇರೆ ಬೇರೆ ವೇಗಗಳಲ್ಲಿ ಮತ್ತೆ ಅಳೆದು, ಒಂದು ವೇಗವನ್ನು ದಾಟಿದ ಬಳಿಕ ಚೆಂಡಿನ ತಡೆ ಒಮ್ಮೆಲೇ ಇಳಿಯುತ್ತದೆಂದು 1912ರಲ್ಲಿ ತೋರಿಸಿದರು. ಗಾಳಿ ಜೋರಾದಂತೆ ತಡೆ ಕುಸಿಯುವುದೆಂದರೇನು? ಯಾರಿಗೂ ಅರ್ಥವಾಗಲಿಲ್ಲ.

ಒಗಟನ್ನು ಬಿಡಿಸಿದವರು ಪ್ರಾಂಟ್ಲ್. ಕಡಿಮೆ ವೇಗದಲ್ಲಿ ಗಡಿ ಪದರದೊಳಗಿನ ಗಾಳಿ ಎಳೆಎಳೆಯಾಗಿ, ಶಿಸ್ತಿನಿಂದ ಹರಿಯುತ್ತದೆ. ಇಂಥ ಶಿಸ್ತಿನ ಪದರ ದುರ್ಬಲ. ಚೆಂಡಿನ ಅರ್ಧ ಸುತ್ತನ್ನೂ ದಾಟುವ ಮೊದಲೇ ಮೈಬಿಟ್ಟು ಹಿಂದೆ ಅಗಲವಾದ ಸುಳಿಗಳ ಬಾಲ ಬಿಡುತ್ತದೆ. ವೇಗ ಹೆಚ್ಚಿದಾಗ ಪದರ ಪ್ರಕ್ಷುಬ್ಧಗೊಳ್ಳುತ್ತದೆ. ಕಲಕಾಟದಿಂದ ಹೊರಗಿನ ವೇಗದ ಗಾಳಿ ಒಳಕ್ಕೂ ಒಳಗಿನ ಸೋಮಾರಿ ಗಾಳಿ ಹೊರಕ್ಕೂ ಬೆರೆತು ಪದರಕ್ಕೆ ಹೊಸ ಕಸುವು ಬರುತ್ತದೆ. ಅದು ಚೆಂಡಿನ ಬೆನ್ನಿನವರೆಗೂ ಅಂಟಿಕೊಂಡು ಸಾಗುವುದರಿಂದ ಬಾಲ ಕಿರಿದಾಗುತ್ತದೆ, ತಡೆ ಇಳಿಯುತ್ತದೆ. ವಾದವನ್ನು ಸಾಬೀತುಪಡಿಸಲು ಅವರು ಮಾಡಿದ್ದಿಷ್ಟು: ಚೆಂಡಿನ ಮುಂಭಾಗಕ್ಕೆ ತೆಳುವಾದ ತಂತಿಯ ಬಳೆ ತೊಡಿಸಿದರು. ನಯವಾದ ಚೆಂಡಿಗೆ ಒರಟು ತಂತಿ ಸುತ್ತಿದರೆ ತಡೆ ಹೆಚ್ಚಬೇಕೆಂಬುದು ಸಾಮಾನ್ಯ ತಿಳಿವಳಿಕೆ. ತಂತಿ ಪದರವನ್ನು ಎಡವಿಸಿ ಕ್ಷೋಭೆಗೊಳಿಸಿತು. ತಡೆ ಇಳಿಯಿತು. ಪ್ಯಾರಿಸ್ ಮತ್ತು ಗಾಟಿಂಗೆನ್ ಎರಡರ ಅಂಕಿಯೂ ಸರಿಯಾಗಿತ್ತು. ಎರಡೂ ವಿಂಡ್ ಟನೆಲ್‌ಗಳ ಗಾಳಿ ಮಾತ್ರ ಬೇರೆ ಬೇರೆಯಾಗಿತ್ತು.

ಕ್ರಿಕೆಟ್ ಪ್ರೇಮಿಗಳಿಗೆ ಇದರ ಪರಿಚಯ ಇದ್ದೇ ಇದೆ. ವೇಗದ ಬೌಲರ್ ಹೊಸ ಚೆಂಡಿನ ಹೊಲಿಗೆಯನ್ನು ಓರೆಯಾಗಿ ಹಿಡಿದು ಎಸೆದಾಗ ಹೊಲಿಗೆಯಿರುವ ಮಗ್ಗುಲಿನ ಗಾಳಿ ಕ್ಷೋಭೆಗೊಂಡು ಹೆಚ್ಚು ದೂರ ಅಂಟಿಕೊಳ್ಳುತ್ತದೆ. ನಯವಾದ ಮಗ್ಗುಲಿನದು ಬೇಗ ಕಳಚಿಕೊಳ್ಳುತ್ತದೆ. ಚೆಂಡು ಹೊಲಿಗೆಯ ಕಡೆಗೆ ವಾಲುತ್ತದೆ. ಜಾವಗಲ್ ಶ್ರೀನಾಥ್ ಅವರ ಸ್ವಿಂಗ್‌ನ ಹಿಂದೆ ಇದ್ದದ್ದೂ ಪ್ರಾಂಟ್ಲ್ ಅವರ ತಂತಿಬಳೆಯ ತತ್ತ್ವವೇ. ಅನೇಕ ವಿಮಾನಗಳ ರೆಕ್ಕೆಯ ಮೇಲೆ ಸಾಲಾಗಿ ಕಾಣುವ ಬೆರಳುದ್ದದ ತಗಡಿನ ಚೂರುಗಳು ಅಲಂಕಾರಕ್ಕೆ ಇರುವುದಲ್ಲ. ಅವು ಬೇಕೆಂದೇ ಸುಳಿ ಎಬ್ಬಿಸಿ ಗಡಿ ಪದರಕ್ಕೆ ಕಸುವು ತುಂಬಿ ಸ್ಟಾಲ್ ಆಗುವುದನ್ನು ಮುಂದೂಡುತ್ತವೆ. ಆದರೆ ಇದಕ್ಕೆ ಬೆಲೆಯೂ ಉಂಟು. ಪ್ರಕ್ಷುಬ್ಧ ಪದರ ರೆಕ್ಕೆಯ ಮೈಯನ್ನು ಹೆಚ್ಚು ಉಜ್ಜುತ್ತದೆ. ದೊಡ್ಡ ಪ್ರಯಾಣಿಕ ವಿಮಾನವೊಂದು ಎತ್ತರದಲ್ಲಿ ಸಾಗುವಾಗ ಎದುರಿಸುವ ಒಟ್ಟು ತಡೆಯ ಸುಮಾರು ಅರ್ಧದಷ್ಟು ಈ ಉಜ್ಜಾಟದಿಂದಲೇ ಬರುತ್ತದೆ. ಅಷ್ಟು ಇಂಧನ ಅದಕ್ಕೇ ವ್ಯಯ.

ಮೊದಲ ಮಹಾಯುದ್ಧದ ಕೊನೆಯಲ್ಲಿ, 1918 ಮತ್ತು 1919ರಲ್ಲಿ, ಪ್ರಾಂಟ್ಲ್ ರೆಕ್ಕೆಯ ಸಿದ್ಧಾಂತವನ್ನು ಪ್ರಕಟಿಸಿದರು. ರೆಕ್ಕೆಯ ತುದಿಗಳಿಂದ ಹಿಂದಕ್ಕೆ ಹರಿಯುವ ಸುಳಿಗಳು ಎಷ್ಟು ಶಕ್ತಿಯನ್ನು ಕಬಳಿಸುತ್ತವೆ ಎಂಬುದನ್ನು ಕಾಗದದ ಮೇಲೆ ಲೆಕ್ಕ ಹಾಕಲು ಅದರಿಂದ ಸಾಧ್ಯವಾಯಿತು. ಇದೇ ದಿಕ್ಕಿನಲ್ಲಿ ಇಂಗ್ಲೆಂಡಿನ ಲಾಂಚೆಸ್ಟರ್ ಮೊದಲೇ ಯೋಚಿಸಿದ್ದರು, 1908ರಲ್ಲಿ ಗಾಟಿಂಗೆನ್‌ಗೂ ಬಂದು ಹೋಗಿದ್ದರು. ಕೀರ್ತಿ ಯಾರಿಗೆ ಎಷ್ಟು ಸಲ್ಲಬೇಕೆಂಬ ಚರ್ಚೆ ಬಹುಕಾಲ ನಡೆಯಿತು. ಇಂದಿನ ವಿಮಾನಗಳ ರೆಕ್ಕೆಯ ತುದಿ ಮೇಲಕ್ಕೆ ಬಾಗಿರುವುದು ಆ ಸುಳಿಗಳ ಹಾವಳಿ ತಗ್ಗಿಸಲೆಂದೇ. ಭಾರೀ ವಿಮಾನವೊಂದು ಮೇಲೇರಿದ ರನ್‌ವೇಯಲ್ಲಿ ಹಿಂದಿನ ಚಿಕ್ಕ ವಿಮಾನ ಕೆಲ ನಿಮಿಷ ಕಾಯಬೇಕಾಗಿರುವುದೂ ಅವುಗಳ ಭಯದಿಂದಲೇ.

ಇನ್ನು ಕ್ಷೋಭೆಯನ್ನೇ ಗಣಿತಕ್ಕೆ ಕಟ್ಟಿಹಾಕುವ ಕೆಲಸ. ಅನಿಲದ ಅಣು ಇನ್ನೊಂದು ಅಣುವಿಗೆ ಡಿಕ್ಕಿ ಹೊಡೆಯುವ ಮುನ್ನ ಒಂದಿಷ್ಟು ದೂರ ಸಾಗುವಂತೆ, ಪ್ರಕ್ಷುಬ್ಧ ಹರಿವಿನಲ್ಲಿ ಗಾಳಿಯ ಸಣ್ಣ ಮುದ್ದೆಯೂ ಒಂದಿಷ್ಟು ದೂರ ತನ್ನತನ ಉಳಿಸಿಕೊಂಡು ಸಾಗಿ ಬಳಿಕ ಸುತ್ತಲಿನದರಲ್ಲಿ ಬೆರೆಯುತ್ತದೆಂದು 1925ರಲ್ಲಿ ಪ್ರಾಂಟ್ಲ್ ಊಹಿಸಿದರು. ಮಿಕ್ಸಿಂಗ್ ಲೆಂಗ್ತ್ ಎಂದು ಹೆಸರಾದ ಈ ಕಲ್ಪನೆ ಒರಟಾದುದು; ಆದರೆ ಎಂಜಿನಿಯರುಗಳ ಕೈಗೆ ಅದೊಂದು ಉಪಕರಣವಾಯಿತು. 1930ರಲ್ಲಿ ಕಾರ್ಮನ್ ಇನ್ನೂ ಅಚ್ಚುಕಟ್ಟಾದ ನಿಯಮವೊಂದನ್ನು ಗುರುವಿಗಿಂತ ಮೊದಲೇ ಪ್ರಕಟಿಸಿ ಪಂದ್ಯ ಗೆದ್ದರು. ಅದೇ ವರ್ಷ ಅವರು ಅಮೆರಿಕದ ಪಸಡೀನಾಕ್ಕೆ ನೆಲೆ ಬದಲಿಸಿದರು. ಹಂಗೆರಿಯ ಯಹೂದಿಯಾಗಿದ್ದ ಅವರಿಗೆ ಜರ್ಮನಿಯ ಗಾಳಿ ಬದಲಾಗುತ್ತಿರುವುದು ಮೊದಲೇ ತಿಳಿದಿತ್ತು.

ಕಣ್ಣೆದುರಿನ ಬಿರುಗಾಳಿ

1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ ಕೆಲವೇ ತಿಂಗಳುಗಳಲ್ಲಿ ಗಾಟಿಂಗೆನ್ ಬರಿದಾಯಿತು. ಮ್ಯಾಕ್ಸ್ ಬಾರ್ನ್, ಜೇಮ್ಸ್ ಫ್ರಾಂಕ್, ರಿಚರ್ಡ್ ಕುರಾಂಟ್ ಮುಂತಾದವರು ಹೊರನಡೆದರು. ಕುರಾಂಟ್ ಅವರನ್ನು ಉಳಿಸಿಕೊಳ್ಳಬೇಕೆಂಬ ಮನವಿಗೆ ಸಹಿ ಹಾಕಿದವರಲ್ಲಿ ಪ್ರಾಂಟ್ಲ್ ಸಹ ಇದ್ದರು. ಮನವಿಗೆ ಬೆಲೆ ಸಿಗಲಿಲ್ಲ. ಗಣಿತ ಮತ್ತು ಭೌತವಿಜ್ಞಾನದ ವಿಭಾಗಗಳು ಸೊರಗುತ್ತಿದ್ದಂತೆ ಪಕ್ಕದಲ್ಲೇ ಇದ್ದ ವಾಯುಬಲ ಸಂಶೋಧನಾ ಕೇಂದ್ರ ಕೊಬ್ಬತೊಡಗಿತು. ಗೋರಿಂಗ್ ಅವರ ವಾಯುಯಾನ ಸಚಿವಾಲಯದ ಹಣ ಹೊಳೆಯಾಗಿ ಹರಿದು ಬಂತು. ಹೊಸ ಹೊಸ ವಿಂಡ್ ಟನೆಲ್‌ಗಳು ಎದ್ದವು, ನೌಕರರ ಸಂಖ್ಯೆ ಹಲವು ಪಟ್ಟು ಏರಿತು. ಜರ್ಮನಿ ಯುದ್ಧವಿಮಾನಗಳನ್ನು ಕಟ್ಟುತ್ತಿತ್ತು, ಅದಕ್ಕೆ ಗಾಟಿಂಗೆನ್‌ನ ಅಂಕಿ ಅಂಶಗಳು ಬೇಕಾಗಿದ್ದವು.

ಪ್ರಾಂಟ್ಲ್ ನಾತ್ಸಿ ಪಕ್ಷದ ಸದಸ್ಯರಾಗಲಿಲ್ಲ. ಹೈಸನ್‌ಬರ್ಗ್ ಅವರನ್ನು ಎಸ್.ಎಸ್. ಪತ್ರಿಕೆ ಯಹೂದಿ ಮನೋಭಾವದವರೆಂದು ಜರೆದು ಅವರ ಬದುಕೇ ಅಪಾಯಕ್ಕೆ ಸಿಲುಕಿದಾಗ, 1938ರಲ್ಲಿ ಸ್ವತಃ ಹಿಮ್ಲರ್ ಬಳಿ ಮಾತನಾಡಿ, ಪತ್ರವನ್ನೂ ಬರೆದು ಅವರ ಪರ ನಿಂತವರು ಇದೇ ಪ್ರಾಂಟ್ಲ್. ಎಸ್.ಎಸ್. ಮುಖ್ಯಸ್ಥನೆದುರು ಬಾಯಿ ಬಿಡುವ ಧೈರ್ಯ ಆಗ ಎಷ್ಟು ಮಂದಿಗಿತ್ತು? ಹಿಮ್ಲರ್ ಆ ಜುಲೈನಲ್ಲಿ ಹೈಸನ್‌ಬರ್ಗ್ ಮೇಲಿನ ದಾಳಿಯನ್ನು ನಿಲ್ಲಿಸಿದ.

ಇಷ್ಟಕ್ಕೇ ನಿಲ್ಲಿಸಿದರೆ ಚಿತ್ರ ಅಂದವಾಗಿರುತ್ತದೆ, ಆದರೆ ಪೂರ್ಣವಾಗುವುದಿಲ್ಲ. ಕೇಂಬ್ರಿಜ್‌ನ ಜಿ.ಐ. ಟೇಲರ್ ಕ್ಷೋಭೆಯ ಸಂಶೋಧನೆಯಲ್ಲಿ ಪ್ರಾಂಟ್ಲ್ ಅವರಿಗೆ ಸರಿಸಮಾನರು, ಬಹುಕಾಲದ ಪತ್ರಮಿತ್ರರು. ಸಮೀಕರಣಗಳನ್ನೂ ಅಳತೆಗಳನ್ನೂ ಹಂಚಿಕೊಳ್ಳುತ್ತಿದ್ದ ಆ ಪತ್ರಗಳಲ್ಲಿ 1938ರಿಂದ ರಾಜಕೀಯ ನುಸುಳಿತು. ಟೇಲರ್ ಹಿಟ್ಲರ್ ಆಡಳಿತವನ್ನು ಕಟುವಾಗಿ ಟೀಕಿಸಿದಾಗ ಪ್ರಾಂಟ್ಲ್ ಅದನ್ನು ಸಮರ್ಥಿಸಿದರು. ಯಹೂದಿಗಳ ವಿರುದ್ಧದ ಕ್ರಮಗಳಿಗೂ ಆಡಳಿತ ಹೇಳುತ್ತಿದ್ದ ಕಾರಣಗಳನ್ನೇ ಮತ್ತೆ ಹೇಳಿದರು. 1939ರ ಬೇಸಿಗೆಯಲ್ಲಿ, ಯುದ್ಧಕ್ಕೆ ಇನ್ನೇನು ಕೆಲವೇ ದಿನಗಳಿರುವಾಗ, ಟೇಲರ್ ಅವರ ಪತ್ನಿಗೆ ಬರೆದ ಪತ್ರದ ಧಾಟಿಯೂ ಅದೇ. ಇದು ಅವರಿಂದ ಯಾರೂ ಬಲವಂತವಾಗಿ ಬರೆಸಿದ್ದೆಂದು ಹೇಳಲು ಆಧಾರವಿಲ್ಲ. ಯಹೂದಿ ಸಹೋದ್ಯೋಗಿಯ ಪರ ಸಹಿ ಹಾಕಿದ ಕೈಯೇ ಈ ಪತ್ರಗಳನ್ನೂ ಬರೆಯಿತು. ಅವರ ಮುಗ್ಧತೆಯನ್ನು ಮುಂದಿಟ್ಟು ಇದನ್ನು ಮನ್ನಿಸುವವರಿದ್ದಾರೆ. ಆದರೆ 1942ರಿಂದ ವಾಯುಯಾನ ಸಚಿವಾಲಯದ ಸಂಶೋಧನಾ ಆಡಳಿತದ ಉನ್ನತ ಹೊಣೆಯನ್ನೂ ಹೊತ್ತಿದ್ದ ವ್ಯಕ್ತಿಗೆ ಆ ವಿನಾಯಿತಿ ಎಷ್ಟು ಸಲ್ಲುತ್ತದೆ ಎಂಬ ಪ್ರಶ್ನೆ ಉಳಿದೇ ಇದೆ.

ಕ್ಷೋಭೆಯ ಚಿಂತನೆ ಮಾತ್ರ ನಿಲ್ಲಲಿಲ್ಲ. 1945ರ ಜನವರಿಯಲ್ಲಿ, ಜರ್ಮನಿ ಎರಡೂ ದಿಕ್ಕುಗಳಿಂದ ಕುಸಿಯುತ್ತಿದ್ದಾಗ, ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ಕೆಲವೇ ದಿನ ಬಾಕಿಯಿರುವಂತೆ ಗಾಟಿಂಗೆನ್ ಅಕಾಡೆಮಿಯ ಮುಂದೆ ಅವರು ಪ್ರಕ್ಷುಬ್ಧ ಹರಿವಿನ ಚಲನಶಕ್ತಿಯ ಲೆಕ್ಕವಿಡುವ ಹೊಸ ಸಮೀಕರಣವೊಂದನ್ನು ಮಂಡಿಸಿದರು. ಇಂದು ಕಂಪ್ಯೂಟರುಗಳಲ್ಲಿ ವಿಮಾನದ ಸುತ್ತಲಿನ ಗಾಳಿಯನ್ನು ಲೆಕ್ಕ ಹಾಕುವ ಅನೇಕ ವಿಧಾನಗಳು ಅದೇ ಬೇರಿನಿಂದ ಚಿಗುರಿದವು.

ಏಪ್ರಿಲ್‌ನಲ್ಲಿ ಅಮೆರಿಕನ್ ಸೇನೆ ಗಾಟಿಂಗೆನ್ ಪ್ರವೇಶಿಸಿತು. ಸ್ವಲ್ಪ ದಿನಗಳಲ್ಲೇ ಜರ್ಮನಿಯ ವಿಮಾನ ಸಂಶೋಧನೆಯನ್ನು ಪರಿಶೀಲಿಸಲು ಅಮೆರಿಕ ಕಳುಹಿಸಿದ ತಂಡ ಬಂತು. ಅದರ ಮುಖ್ಯಸ್ಥರು ಸೇನಾ ಸಮವಸ್ತ್ರ ತೊಟ್ಟ ಥಿಯೋಡರ್ ವಾನ್ ಕಾರ್ಮನ್. ಜತೆಗೆ ಅವರ ಚೀನೀ ಶಿಷ್ಯ, ಮುಂದೆ ಚೀನಾದ ಕ್ಷಿಪಣಿ ಕಾರ್ಯಕ್ರಮವನ್ನೇ ಕಟ್ಟಿದ ಚಿಯಾನ್ ಶ್ಯುಸೆನ್. ಗುರು, ಶಿಷ್ಯ, ಪ್ರಶಿಷ್ಯ ಮೂವರೂ ನಿಂತಿರುವ ಆ ಸಂದರ್ಭದ ಛಾಯಾಚಿತ್ರ ಉಳಿದಿದೆ. ಸೋತ ದೇಶದ ಪ್ರಜೆಯಾಗಿ ವಿಚಾರಣೆಗೆ ಉತ್ತರಿಸಬೇಕಾದವರು ಗುರು. ಗಾಟಿಂಗೆನ್‌ಗೆ ದೂರವಲ್ಲದ ನಾರ್ಡ್‌ಹೌಸನ್ ಬಳಿ, ರಾಕೆಟ್ ಕಾರ್ಖಾನೆಗೆಂದು ಸೆರೆಯಾಳುಗಳನ್ನು ದುಡಿಸಿ ಕೊಂದ ಡೋರಾ ಶಿಬಿರವನ್ನು ಕಾರ್ಮನ್ ಆ ಪ್ರವಾಸದಲ್ಲೇ ಕಣ್ಣಾರೆ ಕಂಡಿದ್ದರು. ಆ ಭೇಟಿಯ ನೆನಪು ಅವರನ್ನು ಕೊನೆಯವರೆಗೂ ಕಾಡಿತೆಂಬುದು ಅವರ ಆತ್ಮಕಥೆಯಿಂದ ತಿಳಿಯುತ್ತದೆ.

ಯುದ್ಧಾನಂತರ ಗಾಟಿಂಗೆನ್ ಬ್ರಿಟಿಷರ ವಲಯಕ್ಕೆ ಸೇರಿತು. ವಿಮಾನ ಸಂಶೋಧನೆಗೆ ನಿಷೇಧ ಬಿತ್ತು, ವಿಂಡ್ ಟನೆಲ್‌ಗಳನ್ನು ಕಳಚಿ ಸಾಗಿಸಲಾಯಿತು. 1946ರಲ್ಲಿ ಪ್ರಾಂಟ್ಲ್ ನಿರ್ದೇಶಕ ಸ್ಥಾನ ಬಿಟ್ಟರು. ಪತ್ನಿ ಗೆರ್ಟ್ರೂಡ್ 1940ರಲ್ಲೇ ತೀರಿಕೊಂಡಿದ್ದರು. ಉಳಿದ ವರ್ಷಗಳಲ್ಲಿ ಅವರ ಮನಸ್ಸು ಹವಾಮಾನದ ಕಡೆ ಹರಿಯಿತು. 1953ರ ಆಗಸ್ಟ್ 15ರಂದು, 78ನೆಯ ವಯಸ್ಸಿನಲ್ಲಿ ಗಾಟಿಂಗೆನ್‌ನಲ್ಲೇ ನಿಧನರಾದರು.

ಬೆಂಗಳೂರಿನ ಕೊಂಡಿ

ಆ ಹೊತ್ತಿಗೆ ಅವರ ವಿದ್ಯೆ ಬೆಂಗಳೂರನ್ನು ತಲುಪಿತ್ತು. 1930ರ ದಶಕದಲ್ಲಿ ಗಾಟಿಂಗೆನ್‌ನಲ್ಲಿ ಪ್ರಾಂಟ್ಲ್ ಬಳಿ ಸಂಶೋಧನೆ ನಡೆಸಿ ಡಾಕ್ಟರೇಟ್ ಪಡೆದವರಲ್ಲಿ ವಿ.ಎಂ. ಘಾಟಗೆ ಒಬ್ಬರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂದರೆ ಬೆಂಗಳೂರಿಗರ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, 1942ರಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ ಆರಂಭವಾದಾಗ ಅದನ್ನು ಕಟ್ಟಿದವರು ಅವರೇ. ಬಳಿಕ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಅವರ ನೇತೃತ್ವದಲ್ಲಿ ವಿನ್ಯಾಸಗೊಂಡ ಎಚ್.ಟಿ.-2 ತರಬೇತಿ ವಿಮಾನ 1951ರ ಆಗಸ್ಟ್‌ನಲ್ಲಿ ಹಾರಿತು. ಪ್ರಾಂಟ್ಲ್ ಅವರ ಉಪನ್ಯಾಸಗಳನ್ನು ಪುಸ್ತಕರೂಪಕ್ಕಿಳಿಸಿ, ಗುರುವಿನ ತೊದಲು ಬೋಧನೆಯನ್ನು ಜಗತ್ತಿಗೆ ತಿಳಿಯಾಗಿ ಮುಟ್ಟಿಸಿದ ಶಿಷ್ಯ ಓಸ್ಕರ್ ಟೀಟ್ಯೆನ್ಸ್ ಕೂಡ ಯುದ್ಧಾನಂತರ ಇದೇ ವಿಭಾಗಕ್ಕೆ ಬಂದು ಪಾಠ ಹೇಳಿದರು.

1951ರಲ್ಲಿ ಆ ವಿಭಾಗ ಸೇರಿದ ಸತೀಶ್ ಧವನ್, ಕಾರ್ಮನ್ ಬೆಳೆಸಿದ ಪಸಡೀನಾ ಪರಂಪರೆಯಿಂದ ಬಂದವರು. ಗಡಿ ಪದರವು ಗೋಡೆಯನ್ನು ಉಜ್ಜುವ ಬಲವನ್ನು ನೇರವಾಗಿ ಅಳೆಯುವುದೇ ಅಲ್ಲಿ ಅವರ ಡಾಕ್ಟರೇಟ್ ವಿಷಯವಾಗಿತ್ತು. ಶಿಸ್ತಿನ ಹರಿವು ಕ್ಷೋಭೆಗೆ ತಿರುಗುವುದು ಹೇಗೆಂಬುದರ ಮೊದಲ ಹಂತವನ್ನು ಪ್ರಾಂಟ್ಲ್ ಅವರ ಶಿಷ್ಯರಾದ ಟೋಲ್‌ಮೀನ್ 1929ರಲ್ಲಿ ಹಾಗೂ ಶ್ಲಿಖ್ಟಿಂಗ್ 1933ರಲ್ಲಿ ಗಣಿತದಿಂದ ತೋರಿಸಿದ್ದರು. ಆದರೆ ಬದಲಾವಣೆ ಒಂದು ಗೆರೆ ಎಳೆದಂತೆ ಆಗುವುದಿಲ್ಲ. ಒಂದೇ ಜಾಗದಲ್ಲಿ ಗಾಳಿ ಕೆಲ ಹೊತ್ತು ಶಾಂತ, ಕೆಲ ಹೊತ್ತು ಕ್ಷುಬ್ಧವಾಗಿರುವ ನಡುವಣ ಪಟ್ಟಿಯೊಂದು ಇರುತ್ತದೆ. ಆ ಪಟ್ಟಿಯಲ್ಲಿ ಕ್ಷೋಭೆಯ ಪಾಲು ಹೇಗೆ ಏರುತ್ತ ಹೋಗುತ್ತದೆಂಬುದನ್ನು ಬೆಂಗಳೂರಿನ ವಿಂಡ್ ಟನೆಲ್‌ನಲ್ಲಿ ಅಳೆದು ಸೂತ್ರಕ್ಕಿಳಿಸಿದವರು ಧವನ್ ಮತ್ತು ಅವರ ವಿದ್ಯಾರ್ಥಿ ರೊದ್ದಂ ನರಸಿಂಹ. ಅವರ ಪ್ರಬಂಧ 1958ರಲ್ಲಿ ಪ್ರಕಟವಾಯಿತು. ಜೆಟ್ ಎಂಜಿನ್ನುಗಳ ಟರ್ಬೈನ್ ಅಲಗುಗಳನ್ನು ವಿನ್ಯಾಸಗೊಳಿಸುವವರು ಅದನ್ನು ಈಗಲೂ ಬಳಸುತ್ತಾರೆ.